ಬಿಡದಿಯೋ, ಖೋಪೋಲಿಯೋ? ಅತ್ತೆ, ಮಕ್ಕಳೊಂದಿಗೆ ಮೂರು ದಿನ

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ):

ಅಡಿಕೆ ಕೊಯ್ಲು ಮುಗಿದಿದೆ, ಚಾಲಿ ಅಡಿಕೆ ಒಣಗಿ ಒಳಗೆ ಸೇರಿದೆ. ಮಳೆ ಹಿಡಿದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ ಶುರುವಾಗುವುದರೊಳಗೆ ಮನೆಮಂದಿಯೆಲ್ಲ ಒಟ್ಟಿಗೆ ಎಲ್ಲಾದರೂ ಹೋಗಿಬರಬೇಕು. ಮಗ ಐದನೆಯ ತರಗತಿ ಮುಗಿಸಿದ್ದಾನೆ, ಮಗಳು ಒಂದನೆಯ ತರಗತಿಗೆ ಸೇರುವವಳು. ಇಬ್ಬರಿಗೂ ಥೀಮ್ ಪಾರ್ಕಿನದೇ ಜಪ. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ. ಅವರನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಮದುವೆ, ಮುಂಜಿ ಬಿಟ್ಟರೆ ಅವರು ಹೊಸಿಲು ದಾಟಿದ್ದೇ ಅಪರೂಪ.

ಕರೆಯುವ ಹಸು ಒಂದಿದೆ. ಪಕ್ಕದ ಮನೆಯವರು ಮೂರು ದಿನ ನೋಡಿಕೊಳ್ಳಲು ಒಪ್ಪಿದ್ದಾರೆ. ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಒಳ್ಳೆಯದೋ, ಮುಂಬೈ ಕಡೆಯ ಖೋಪೋಲಿಯ ಇಮ್ಯಾಜಿಕಾ ಒಳ್ಳೆಯದೋ? ಎರಡೂ ಕಡೆ ತಂಗುವ ವ್ಯವಸ್ಥೆ ಇದೆಯಂತೆ. ಮನೆಯವರು ಕಾರಿನಲ್ಲೇ ಹೋಗೋಣ ಎನ್ನುತ್ತಾರೆ. ಹಿರಿಯರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.

ಉತ್ತರ (ಕಾರವಾರದಿಂದ):

ಅಕ್ಕಾ, ನಮ್ಮ ಕರಾವಳಿಯವರಿಗಂತೂ ಖೋಪೋಲಿಯೇ ಅನುಕೂಲ. ಸಂಜೆ ಕಾರವಾರದಲ್ಲಿ ಮತ್ಸ್ಯಗಂಧಾ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಪನ್ವೇಲ್. ಅಲ್ಲಿಂದ ಟ್ಯಾಕ್ಸಿ. ಥೀಮ್ ಪಾರ್ಕ್, ನೀರಿನ ಪಾರ್ಕ್, ಹಿಮದ ಪಾರ್ಕ್ ಮೂರೂ ಬೇರೆ ಬೇರೆಯಾಗಿರುವುದರಿಂದ ಎರಡು ದಿನ ಇದ್ದರೂ ಬೇಸರವಾಗದು. ಹಿರಿಯರಿಗೆ 'ಐ ಫಾರ್ ಇಂಡಿಯಾ' ತಪ್ಪಿಸಬೇಡಿ. ಕುಳಿತ ಆಸನವೇ ಮೇಲೆದ್ದು ದೊಡ್ಡ ಪರದೆಯ ಮುಂದೆ ತೇಲುತ್ತದೆ, ದೇಶದ ಬೆಟ್ಟ, ಕೋಟೆ, ನದಿಗಳನ್ನು ಆಕಾಶದಿಂದ ನೋಡಿದಂತಾಗುತ್ತದೆ. ನಮ್ಮ ತಂದೆ ಇಳಿದ ಮೇಲೆಯೂ ಬಹಳ ಹೊತ್ತು ಅದನ್ನೇ ಮಾತನಾಡುತ್ತಿದ್ದರು. ಆದರೆ ಮಳೆಗಾಲದಲ್ಲಿ ಆ ಕಡೆ ಹೊರಡಬೇಡಿ. ಸಹ್ಯಾದ್ರಿಯ ಬುಡ ಅದು, ಮಳೆ ನಮ್ಮಲ್ಲಿಯಂತೆಯೇ ಸುರಿಯುತ್ತದೆ.

ಉತ್ತರ (ಕುಮಟಾದಿಂದ):

ಕಾರವಾರದ ಅಣ್ಣ ಹೇಳಿದ್ದು ಕಾರವಾರಕ್ಕೆ ಸರಿ. ಆದರೆ ಶಿರಸಿಯವರು ಮೊದಲು ಘಟ್ಟ ಇಳಿದು ಕುಮಟಾಕ್ಕೆ ಬಂದು, ರಾತ್ರಿಯಿಡೀ ರೈಲಿನಲ್ಲಿ ಕಳೆದು, ಮತ್ತೆ ಟ್ಯಾಕ್ಸಿ ಹಿಡಿಯಬೇಕು. ಹಸು ಕೊಟ್ಟ ಮೂರು ದಿನದಲ್ಲಿ ಅದು ಹಿಡಿಸುವುದಿಲ್ಲ. ಬಿಡದಿಗೇ ಹೋಗಿ ತಂಗಿ.

ನಾನು ನನ್ನ ಅಮ್ಮನನ್ನು ಕರೆದುಕೊಂಡು ಹೋದವಳು, ಆದ್ದರಿಂದ ಒಂದು ಮಾತು ಒತ್ತಿ ಹೇಳುತ್ತೇನೆ. ದಿನದ ಲೆಕ್ಕವನ್ನು ಮಕ್ಕಳ ಆಟದಿಂದ ಹಾಕಬೇಡಿ, ಅತ್ತೆಯ ಮಂಡಿಯಿಂದ ಹಾಕಿ. ಮಕ್ಕಳು ಹೇಗಿದ್ದರೂ ಸಂತೋಷವಾಗಿರುತ್ತಾರೆ. ಹಿರಿಯರು ಬಿಸಿಲಿನಲ್ಲಿ ಕಲ್ಲುಬೆಂಚಿನ ಮೇಲೆ ಚೀಲ ಕಾಯುತ್ತ ಕೂರುವಂತಾದರೆ ಅವರನ್ನು ಕರೆದುಕೊಂಡು ಹೋಗಿ ಏನು ಬಂತು? ವಂಡರ್‌ಲಾದ ರೆಸಾರ್ಟ್ ಪಾರ್ಕಿನ ಪಕ್ಕದಲ್ಲೇ ಇದೆ. ಬೆಲೆ ಸ್ವಲ್ಪ ಹೆಚ್ಚಾದರೂ ಅಲ್ಲೇ ಕೋಣೆ ಮಾಡಿ. ಊಟದ ಹೊತ್ತಿಗೆ ಒಬ್ಬರು ಅತ್ತೆಯನ್ನು ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಬಹುದು. ಹೊರಗೆ ಹೋದವರು ಮತ್ತೆ ಒಳಗೆ ಬರುವ ನಿಯಮವನ್ನು ಪ್ರವೇಶದ್ವಾರದಲ್ಲೇ ಕೇಳಿಕೊಳ್ಳಿ. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ, ಹಾಗಾಗಿ ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಾದರೆ ಅವಲಕ್ಕಿ, ಬಾಳೆಹಣ್ಣು ಕೋಣೆಯಲ್ಲಿರಲಿ.

ಮೊದಲ ದಿನ ನಸುಕಿನಲ್ಲೇ ಹೊರಟು ಮಧ್ಯಾಹ್ನದ ಮೇಲೆ ತಲುಪಿ, ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಿ. ಎರಡನೆಯ ದಿನ ಪೂರ್ತಿ ಪಾರ್ಕ್. ಅದು ವಾರದ ನಡುವಿನ ದಿನವಾಗಿರಲಿ. ಬಾಗಿಲು ತೆರೆಯುತ್ತಿದ್ದಂತೆ ಒಳಗೆ ಹೋಗಿ ಒಣ ಆಟಗಳನ್ನು ಮೊದಲು ಮುಗಿಸಿ, ಬಿಸಿಲೇರಿದ ಮೇಲೆ ನೀರಿಗೆ ಇಳಿಯಿರಿ. ಹತ್ತಿ ಬಟ್ಟೆಯಲ್ಲಿ ನೀರಿನ ಆಟಕ್ಕೆ ಬಿಡುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪು ಬೇಕು, ಶಿರಸಿ ಪೇಟೆಯಲ್ಲೇ ಕೊಂಡಿಟ್ಟುಕೊಳ್ಳಿ. ಮೂರನೆಯ ದಿನ ಬೆಳಿಗ್ಗೆ ರಾಮನಗರದ ಜಾನಪದ ಲೋಕಕ್ಕೆ ಹೋಗಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ. ಬೀಸುವ ಕಲ್ಲು, ನೇಗಿಲು, ತೊಗಲುಗೊಂಬೆ ಎಲ್ಲವೂ ಇವೆ. ಅಲ್ಲಿ ಮೊಮ್ಮಕ್ಕಳಿಗೆ ವಿವರಿಸುವವರು ನಿಮ್ಮ ಅತ್ತೆಯೇ ಆಗುತ್ತಾರೆ, ನೋಡುತ್ತಿರಿ.

ಇನ್ನೊಂದು. ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ರಿಕಾಯಿಲ್ ಎಂಬ ರೋಲರ್ ಕೋಸ್ಟರ್‌ನಂಥ ದೊಡ್ಡ ಆಟಗಳಿಗೆ 140 ಸೆಂಟಿಮೀಟರ್ ಇರಬೇಕು. ಹೊರಡುವ ಮೊದಲೇ ಮಗನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆಯಿರಿ. 60 ದಾಟಿದವರಿಗೆ ರಿಯಾಯಿತಿ ಇದೆ, ಅತ್ತೆಯ ಆಧಾರ್ ಚೀಟಿ ಮರೆಯಬೇಡಿ.

ಉತ್ತರ (ಊರು ಯಲ್ಲಾಪುರ, ಈಗ ಕೆಂಗೇರಿಯಲ್ಲಿ):

ದಾರಿಯ ಬಗ್ಗೆ ಮಾತ್ರ ಹೇಳುತ್ತೇನೆ. ಹಾವೇರಿಯಲ್ಲಿ ಹೆದ್ದಾರಿ ಸೇರಿ ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬನ್ನಿ. ಬೆಂಗಳೂರಿನ ಒಳಗೆ ಹೋಗಲೇಬೇಡಿ. ಮಾದಾವರದ ಬಳಿ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಇಳಿಯಿರಿ. ಸುಂಕ ಕಟ್ಟಬೇಕು, ಆದರೆ ಪೀಣ್ಯ, ಯಶವಂತಪುರದ ದಟ್ಟಣೆ ತಪ್ಪುತ್ತದೆ. ಮೈಸೂರು ರಸ್ತೆಗೆ ಬಂದ ಕೂಡಲೇ ಎಡಬದಿಯ ಸರ್ವಿಸ್ ರಸ್ತೆಯಲ್ಲೇ ಇರಿ. ಎಕ್ಸ್‌ಪ್ರೆಸ್ ಹೆದ್ದಾರಿಯ ನಡುವಿನ ಪಥ ಹತ್ತಿದರೆ ಅದು ಬಿಡದಿ ಊರನ್ನೇ ಬಳಸಿಕೊಂಡು ಮುಂದೆ ಒಯ್ಯುತ್ತದೆ. ಬೆಳಗಿನ ತಿಂಡಿಗೆ ಬಿಡದಿಯ ತಟ್ಟೆ ಇಡ್ಲಿ ಇದ್ದೇ ಇದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಬಿಡದಿ ಎಂದು ತೀರ್ಮಾನವಾಯಿತು. ಜಾನಪದ ಲೋಕದ ಮಾತು ಕೇಳಿ ಅತ್ತೆ ಈಗಲೇ ಸೀರೆ ಆರಿಸುತ್ತಿದ್ದಾರೆ. ಆದರೆ ಮಗನನ್ನು ಅಳೆದೆವು, 138. ಶಾಲೆಯಲ್ಲಿ ಗೆಳೆಯರಿಗೆಲ್ಲ ರಿಕಾಯಿಲ್ ಹತ್ತುತ್ತೇನೆ ಎಂದು ಹೇಳಿಕೊಂಡು ಬಂದಿದ್ದಾನೆ. ಹೇಗೆ ಹೇಳಲಿ?

ಉತ್ತರ (ಕುಮಟಾದಿಂದ):

ಇವತ್ತೇ ಹೇಳಿ, ಮನೆಯಲ್ಲೇ ಹೇಳಿ. ಸಾಲಿನಲ್ಲಿ ಅರ್ಧ ಗಂಟೆ ನಿಂತ ಮೇಲೆ ಅಳತೆಗೋಲಿನ ಹತ್ತಿರ ಗೊತ್ತಾದರೆ ಮಗುವಿಗೆ ದಿನವೆಲ್ಲ ಕೆಡುತ್ತದೆ. ಬೆಳೆಯುವ ಹುಡುಗ, ಎರಡು ಸೆಂಟಿಮೀಟರ್ ದೊಡ್ಡದಲ್ಲ. ಅಲೆಗಳ ಕೊಳ ಮತ್ತು ನೀರಿನ ಜಾರುಬಂಡೆಗಳಲ್ಲಿ ಅವನಿಗೆ ಆಡಲು ಬೇಕಾದಷ್ಟಿದೆ, ಟಿಕೆಟ್ಟೂ ಮಕ್ಕಳದೇ ಆಗುತ್ತದೆ. ಕೋಣೆ ಕಾಯ್ದಿರಿಸುವಾಗ ನೆಲಮಹಡಿ ಅಥವಾ ಲಿಫ್ಟಿನ ಹತ್ತಿರದ್ದೇ ಬೇಕೆಂದು ಫೋನಿನಲ್ಲಿ ಮಾತನಾಡಿ ಖಚಿತ ಮಾಡಿಕೊಳ್ಳಿ.