ಸಹಾಯ ಬೇಕು: ಕ್ಲಸ್ಟರ್ ಸಭೆಯಲ್ಲಿ ಕಳೆಯುವ ಲೆಕ್ಕದ ತರಬೇತಿ

ಎಲ್ಲ ಮೇಷ್ಟ್ರು, ಮೇಡಂಗಳಿಗೆ ನಮಸ್ಕಾರ. ನಾನು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ದಶಕ ಬಿಡಿಸಿ ಕಳೆಯುವುದರ ಬಗ್ಗೆ ಒಂದು ಗಂಟೆ ನಡೆಸಿಕೊಡಿ ಅಂತ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸರ್ ಹೇಳಿದ್ದಾರೆ.

ಸುಮ್ನೆ ಪಿಪಿಟಿ ಓದುವುದು ಬೇಡ ಅನ್ನಿಸಿದೆ. ಅದು ನಮಗೆಲ್ಲ ಈಗಾಗಲೇ ಜಾಸ್ತಿ ಆಗಿದೆ, ಅಲ್ವಾ? ಮಕ್ಕಳ ನೋಟ್‌ಬುಕ್ ಇಟ್ಟುಕೊಂಡೇ ಶುರು ಮಾಡೋಣ ಅಂದುಕೊಂಡಿದ್ದೇನೆ. 52ರಲ್ಲಿ 38 ಕಳೆಯಿರಿ ಅಂದರೆ ಎಷ್ಟೋ ಮಕ್ಕಳು 26 ಬರೆಯುತ್ತಾರೆ. 2ರಲ್ಲಿ 8 ಹೋಗಲ್ಲ, ಹಾಗಾಗಿ 8ರಲ್ಲೇ 2 ಕಳೆದುಬಿಡುತ್ತಾರೆ! 'ಪಕ್ಕದ ಮನೆಯಿಂದ ಸಾಲ ತಗೋ' ಅನ್ನುವುದು ಬಾಯಿಪಾಠ ಇರುತ್ತದೆ. ಒಂದು ದಶಕ ಬಿಚ್ಚಿದರೆ ಹತ್ತು ಬಿಡಿ ಅನ್ನುವುದು ಮಾತ್ರ ತಲೆಗೆ ಹೋಗಿರಲ್ಲ.

ಕಡ್ಡಿ ಕಟ್ಟು ಬಿಚ್ಚಿ ತೋರಿಸಿದರೆ ಮಕ್ಕಳು ಸರಿಯಾಗಿ ಹೇಳುತ್ತಾರೆ. ಸ್ಲೇಟಿಗೆ ಬಂದ ತಕ್ಷಣ ಮತ್ತೆ 26. ನಡುವಿನ ಈ ಹೆಜ್ಜೆಯನ್ನು ನೀವು ಹೇಗೆ ದಾಟಿಸುತ್ತೀರಿ? ಚಟುವಟಿಕೆ ಇದ್ದರೆ ಫೋಟೊ ಹಾಕಿ. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಚಿಕ್ಕ ಕನ್ನಡ ವಿಡಿಯೊ ಇದ್ದರೆ ಲಿಂಕ್ ಕೊಡಿ, ನಮ್ಮ ಕಡೆ ನೆಟ್‌ವರ್ಕ್ ಕಷ್ಟ.

2020ರ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಅನ್ನುತ್ತದೆ. ಅದರಲ್ಲಿ ಈ ಒಂದು ಗಂಟೆಯಾದರೂ ಮರುದಿನ ತರಗತಿಯಲ್ಲಿ ಉಪಯೋಗಕ್ಕೆ ಬರಲಿ ಅಂತ ಆಸೆ.