ಮಕ್ಕಳು ದೇವರ ವರ ಅಂದ್ರೆ, ಮಕ್ಕಳಿಲ್ಲದವರ ಮದುವೆಗೆ ಆಶೀರ್ವಾದ ಇಲ್ವಾ?

ಗುಳೇದಗುಡ್ಡದ ಸೊಸೆ:
ನಮ್ಮದು ಸಿಎಸ್‌ಐ, ಅಂದ್ರೆ ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಪಾದ್ರಿಗಳ ಕಾಲದಿಂದಲೂ ಗಂಡನ ಮನೆಯವರು ಕ್ರೈಸ್ತರು. ಮದುವೆಯಾಗಿ ಏಳೆಂಟು ವರ್ಷ ಆಯ್ತು, ಮಕ್ಕಳಾಗಿಲ್ಲ. ಹೋದ ತಿಂಗಳು ನಾದಿನಿಯ ಕುಬಸ (ಸೀಮಂತ) ಇತ್ತು. ಕುಂಕುಮ ಒಂದು ಬಿಟ್ಟು ಉಳಿದದ್ದೆಲ್ಲ ಇತ್ತು: ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ನಾನೇ ಆರಿಸಿ ತಂದ ಖಣ. ಉಡಿ ತುಂಬಲು ತಟ್ಟೆ ಹಿಡಿದು ಮುಂದೆ ಹೋದೆ. ದೊಡ್ಡತ್ತೆ ಅದನ್ನು ಇಸಿದುಕೊಂಡು, "ನೀ ಅಡಗಿ ಮನಿ ಕಡೆ ನೋಡವಾ" ಅಂದು ಎರಡು ಮಕ್ಕಳ ತಾಯಿಯೊಬ್ಬಳ ಕೈಗೆ ಕೊಟ್ಟರು.

ಆಮೇಲೆ ಪ್ರಾರ್ಥನೆಯಲ್ಲಿ ಓದಿದ್ದು ಕೀರ್ತನೆ 127. ಮಕ್ಕಳು ಯೆಹೋವನು ಕೊಟ್ಟ ಸ್ವಾಸ್ತ್ಯ, ಗರ್ಭಫಲ ಆತನ ಬಹುಮಾನ. ಹಾಗಾದರೆ ನಮ್ಮ ಮೇಲೆ ಆತನಿಗೆ ಸಿಟ್ಟಾ? ಸುಮ್ನೆ ಸಮಾಧಾನದ ಮಾತು ಬೇಡ, ತಿಳಿದವರು ಹೇಳಿ.

ವಿಜಯಪುರದ ನಿವೃತ್ತ ಮೇಷ್ಟ್ರು:
ತಂಗಿ, ತಟ್ಟೆ ಇಸಿದುಕೊಂಡದ್ದು ಊರ ರೂಢಿ, ಬೈಬಲ್ ಅಲ್ಲ. ಆದಿಕಾಂಡ 2ನ್ನು ಓದಿ. ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ ಅಂತ ದೇವರು ಹೆಂಡತಿಯನ್ನು ಕೊಡುತ್ತಾನೆ. ಇಬ್ಬರೂ ಒಂದೇ ಶರೀರ ಆಗುವರು ಅನ್ನುವಲ್ಲಿಗೆ ಮದುವೆಯ ಮಾತು ಮುಗಿಯಿತು. ಅಲ್ಲಿ ಮಕ್ಕಳ ಸುದ್ದಿಯೇ ಇಲ್ಲ. ಹಿಂದಿನ ಅಧ್ಯಾಯದಲ್ಲಿ ಸಂತಾನ ಹೆಚ್ಚಲಿ ಅಂತ ಹರಸಿದ್ದೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ.

ಆಮೇಲೆ ಲೂಕ 1. ಜಕರೀಯ, ಎಲಿಸಬೇತ್ ಇಬ್ಬರೂ ದೇವರ ಮುಂದೆ ನೀತಿವಂತರು ಅಂತ 6ನೇ ವಚನ ಹೇಳುತ್ತದೆ. ಅವರಿಗೆ ಮಕ್ಕಳಿರಲಿಲ್ಲ ಅಂತ ಹೇಳುವುದು 7ನೇ ವಚನ. ಲೂಕ ಬೇಕಂತಲೇ ಈ ಕ್ರಮದಲ್ಲಿ ಬರೆದ ಅಂತ ನನ್ನ ಅನಿಸಿಕೆ. ನಮ್ಮ ಜನ 7 ಓದಿ 6 ಬಿಡುತ್ತಾರೆ! ಮುಂದೆ ಯೋಹಾನ ಹುಟ್ಟಿದನಲ್ಲ ಅಂತ ಯಾರಾದರೂ ವಾದಿಸಬಹುದು. ಹುಟ್ಟಿದ, ನಿಜ. ಆದರೆ ಅವರನ್ನು ನೀತಿವಂತರು ಅಂದದ್ದು ಅದಕ್ಕೂ ಮುಂಚೆ.

ಬೆಳಗಾವಿ ಕ್ಯಾಂಪ್:
ನಾವು ಕ್ಯಾಥೊಲಿಕ್, ನಮ್ಮಲ್ಲಿ ಇದು ಇನ್ನೂ ಬಿಗಿ. ದೇವರು ಕೊಡುವ ಮಕ್ಕಳನ್ನು ಪ್ರೀತಿಯಿಂದ ಸ್ವೀಕರಿಸುತ್ತೀರಾ ಅಂತ ಮದುವೆಯಲ್ಲೇ ಫಾದರ್ ಕೇಳುತ್ತಾರೆ. 1968ರಲ್ಲಿ ಪೋಪ್ ಆರನೇ ಪೌಲ್ ಕೃತಕ ಗರ್ಭನಿರೋಧ ಬೇಡ ಅಂದರು. 1987ರಲ್ಲಿ ವ್ಯಾಟಿಕನ್ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಕೂಡ ಬೇಡ ಅಂದಿತು. ಮಗು ವರ, ಅದು ಯಾರ ಹಕ್ಕೂ ಅಲ್ಲ ಅನ್ನುವುದು ಅವರ ವಾದ. ಐವಿಎಫ್ ವಿಷಯ ನನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ, ಅದಿರಲಿ. ಹಕ್ಕಲ್ಲ ಅಂದಮೇಲೆ, ಸಿಗದಿದ್ದರೆ ಅದು ಶಿಕ್ಷೆಯೂ ಅಲ್ಲ, ಅಲ್ವಾ? ಚರ್ಚಿನ ಕಾನೂನಿನಲ್ಲೂ ಮಕ್ಕಳಾಗದಿರುವುದು ಮದುವೆಗೆ ಅಡ್ಡಿಯಲ್ಲ, ಅದರಿಂದ ಮದುವೆ ಅಸಿಂಧುವೂ ಆಗುವುದಿಲ್ಲ.

ಜಮಖಂಡಿ ಹುಡುಗ:
ಅಕ್ಕಾ, ದತ್ತು ತಗೊಳ್ಳುವ ಯೋಚನೆ ಇದೆಯಾ? ಕ್ರೈಸ್ತರಿಗೆ ಆಗಲ್ಲ ಅನ್ನೋರ ಮಾತು ನಂಬಬೇಡಿ. ಮೊದಲು ಹಾಗಿತ್ತು. 1956ರ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ, ನಮ್ಮವರು 1890ರ ಕಾಯ್ದೆಯಲ್ಲಿ ಬರೀ ಗಾರ್ಡಿಯನ್ ಆಗಬಹುದಿತ್ತು, ಕಾನೂನಿನ ತಂದೆ-ತಾಯಿ ಅಲ್ಲ. ಈಗ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಯಾವ ಧರ್ಮದವರೂ ದತ್ತು ಪಡೆಯಬಹುದು. ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದ ವೆಬ್‌ಸೈಟ್‌ನಲ್ಲಿ ಹೆಸರು ಹಚ್ಚಬೇಕು. ಗೊತ್ತಾಗದಿದ್ದರೆ ಬಾಗಲಕೋಟೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ.

ಗುಳೇದಗುಡ್ಡದ ಸೊಸೆ:
ಮೇಷ್ಟ್ರೇ, ಲೂಕ 1 ನಮ್ಮ ಮನೆಯವರಿಗೂ ಓದಿ ತೋರಿಸಿದೆ. 6ನೇ ವಚನಕ್ಕೆ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದಾರೆ.

ತಮ್ಮಾ, ದತ್ತುವಿಗೆ ನಮ್ಮಿಬ್ಬರಿಗೂ ಮನಸ್ಸಿದೆ, ಅತ್ತೆಗಿಲ್ಲ. ಮನೆಗೆ ಬಂದು ವಿಚಾರಿಸ್ತಾರೆ ಅಂತಾರಲ್ಲ, ಆಗ ಅತ್ತೆಯನ್ನೂ ಮಾತಾಡಿಸ್ತಾರಾ?