ಬಾಡಿಗೆ ಕಟ್ಟಡದ ವ್ಯವಹಾರಕ್ಕೆ ಯಾವ ಬ್ಯಾಂಕು?

ಪ್ರಶ್ನೆ: ಮೈಸೂರಿನಲ್ಲಿ ಇಬ್ಬರು ಪಾಲುದಾರರು ಸೇರಿ ಹಳೆ ಮನೆ, ಸಣ್ಣ ಮಳಿಗೆ ಕೊಂಡು, ರಿಪೇರಿ ಮಾಡಿಸಿ ಬಾಡಿಗೆಗೆ ಬಿಡುವ ಯೋಚನೆ. ಮೊದಲು ನೋಡಿರುವ ಮನೆಗೆ 60 ಲಕ್ಷ. ಸರ್ಕಾರಿ ಬ್ಯಾಂಕೋ, ಖಾಸಗಿಯೋ, ಸಹಕಾರಿಯೋ? ಬಲ್ಲವರು ತಿಳಿಸಿ.

ಉತ್ತರ: ಬ್ಯಾಂಕು ಆಮೇಲೆ. ಕ್ರಯ ಯಾರ ಹೆಸರಿಗೆ? ಸಂಸ್ಥೆಯ ಹೆಸರಿಗಾದರೆ ಗೃಹಸಾಲದ ದರ ಸಿಗುವುದಿಲ್ಲ, ವ್ಯಾಪಾರ ಸಾಲವೆಂದೇ ನೋಡುತ್ತಾರೆ. ವ್ಯಕ್ತಿಯ ಹೆಸರಿಗಾದರೆ ಗೃಹಸಾಲ ಸಿಗುತ್ತದೆ, ಆದರೆ ಮೂರನೇ ಮನೆಯಿಂದ ಮುಂದಕ್ಕೆ ವಾಣಿಜ್ಯ ಸಾಲದ ಲೆಕ್ಕಕ್ಕೆ ತಳ್ಳಬಹುದು. ನಾಲ್ಕೈದು ಕಟ್ಟಡದ ಆಸೆಯಿದ್ದರೆ ಇದನ್ನು ಇವತ್ತೇ ಕೇಳಿಬಿಡಿ.

ಇನ್ನೊಬ್ಬರು: ಲೆಕ್ಕ ಹೀಗೆ. ಗೃಹಸಾಲ 30ರಿಂದ 75 ಲಕ್ಷದೊಳಗಿದ್ದರೆ ಮೌಲ್ಯದ 80% ಮಿತಿ. 60ಕ್ಕೆ 48 ಲಕ್ಷ ಅಂದುಕೊಳ್ಳಬೇಡಿ. ಕ್ರಯದ ಬೆಲೆ, ವ್ಯಾಲ್ಯೂಯರ್ (ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವವರು) ಬರೆದ ಬೆಲೆ ಎರಡರಲ್ಲಿ ಕಡಿಮೆ ಯಾವುದೋ ಅದನ್ನು ಹಿಡಿಯುತ್ತಾರೆ. ಅವರು 54 ಬರೆದರೆ ಸಾಲ 43.2 ಲಕ್ಷ, 4.8 ಲಕ್ಷ ಕೈಯಿಂದ ಹೆಚ್ಚಿಗೆ ಹೊಂದಿಸಬೇಕು. ಮುದ್ರಾಂಕ 5%, ಅದರ ಮೇಲಿನ ಸೆಸ್ಸು, ನೋಂದಣಿ ಶುಲ್ಕ (2025ರ ಆಗಸ್ಟ್ 31ರಿಂದ 2%) ಸೇರಿ ಸುಮಾರು ನಾಲ್ಕೂವರೆ ಲಕ್ಷ. ಇದಕ್ಕೆ ಸಾಲವಿಲ್ಲ. 50 ಲಕ್ಷ ಮತ್ತು ಮೇಲ್ಪಟ್ಟ ಕ್ರಯವಾದ್ದರಿಂದ ಮಾರುವವರ ಹಣದಲ್ಲಿ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಡಿಡಿ ಬರೆಸುವಾಗ ಇದನ್ನು ಮರೆತು ಪೂರ್ತಿ ಮೊತ್ತಕ್ಕೆ ಬರೆಸಿದರೆ ಆಮೇಲೆ ಆ ದುಡ್ಡು ಕೇಳಿ ಪಡೆಯುವುದು ಕಷ್ಟ.

ಮತ್ತೊಬ್ಬರು: ಹಳೆ ಮನೆಯಲ್ಲಿ ಸಾಲ ಕೈಕೊಡುವುದು ಬಡ್ಡಿಯಿಂದಲ್ಲ, ಕಾಗದದಿಂದ. ಮುಂಗಡ ಕೊಡುವ ಮೊದಲೇ ಮೂಲಪತ್ರ, ಇ-ಖಾತಾ, 30 ವರ್ಷದ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ), ಮಂಜೂರಾದ ನಕ್ಷೆ, ತೆರಿಗೆ ರಸೀದಿಗಳ ಜೆರಾಕ್ಸ್ ಹಿಡಿದು ಎರಡು ಬ್ಯಾಂಕಿನ ಪ್ಯಾನೆಲ್ ವಕೀಲರಿಗೆ (ಬ್ಯಾಂಕು ಗೊತ್ತುಮಾಡಿದ ವಕೀಲರು) ತೋರಿಸಿ. ಪಿತ್ರಾರ್ಜಿತವಾದರೆ ವಂಶವೃಕ್ಷ, ವಿಭಾಗಪತ್ರ ಬೇಕು. ಹೆಣ್ಣುಮಕ್ಕಳ ಸಹಿ ಇಲ್ಲದ ವಿಭಾಗಪತ್ರ ಕಂಡರೆ ವಕೀಲರು ಅಲ್ಲೇ ನಿಲ್ಲಿಸುತ್ತಾರೆ. ನಕ್ಷೆಯಲ್ಲಿಲ್ಲದ ಮೇಲಂತಸ್ತಿಗೆ ವ್ಯಾಲ್ಯೂಯರ್ ಬೆಲೆ ಕಟ್ಟದಿರಬಹುದು, ಬಾಡಿಗೆ ಎಷ್ಟೇ ಬರಲಿ. ‘ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್’ ಎಂಬ ಸಾಲನ್ನು ಕ್ರಯದ ಕರಾರಿನಲ್ಲಿ ಹಾಕಿಸಿ.

ಕೇಳಿದವರು: ಸೊಸೈಟಿಯವರು ಕಾಗದ ಅಷ್ಟಾಗಿ ನೋಡಲ್ಲ, ಬೇಗ ಕೊಡ್ತಾರೆ ಅಂತಾರಲ್ಲ?

ಉತ್ತರ: ಕಾಗದ ನೋಡದೆ ಕೊಟ್ಟ ಸಾಲದ ಮನೆಯನ್ನು ನಾಳೆ ನೀವು ಮಾರಹೋದರೆ, ಕೊಳ್ಳುವವರ ಬ್ಯಾಂಕು ಅದೇ ಕಾಗದ ಕೇಳುತ್ತದೆ. ಇನ್ನೊಂದು, ಸೊಸೈಟಿ ಅಂದರೆ ಪತ್ತಿನ ಸಹಕಾರ ಸಂಘ, ಅದು ಬ್ಯಾಂಕಲ್ಲ. ಅಲ್ಲಿಟ್ಟ ಠೇವಣಿಗೆ ವಿಮೆಯಿಲ್ಲ. ಸಹಕಾರಿ ಬ್ಯಾಂಕಾದರೆ ಬೇರೆ ಬ್ಯಾಂಕುಗಳಂತೆಯೇ 5 ಲಕ್ಷದವರೆಗೆ ವಿಮೆ. ಬಾಡಿಗೆದಾರರ ಅಡ್ವಾನ್ಸ್ ಒಟ್ಟಾಗಿ ಅದಕ್ಕಿಂತ ಹೆಚ್ಚಾದರೆ ಎರಡು ಕಡೆ ಹಂಚಿಡಿ.

ಕೊನೆಗೆ ಇನ್ನೊಬ್ಬರು: ಬಡ್ಡಿ ಕೇಳುವಾಗ ರೆಪೋಗೆ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಜೋಡಿಸಿದ್ದೋ, ಅದರ ಮೇಲೆ ಬ್ಯಾಂಕು ಸೇರಿಸುವ ಸ್ಪ್ರೆಡ್ ಎಷ್ಟು, ಎಷ್ಟು ತಿಂಗಳಿಗೊಮ್ಮೆ ದರ ಬದಲಿಸುತ್ತಾರೆ (ರೀಸೆಟ್) ಅಂತ ಬರವಣಿಗೆಯಲ್ಲಿ ಪಡೆಯಿರಿ. 2026ರ ಜನವರಿ 1ರಿಂದ ಮಂಜೂರಾದ ಫ್ಲೋಟಿಂಗ್ (ಬದಲಾಗುವ ಬಡ್ಡಿಯ) ಸಾಲಕ್ಕೆ ವಾಣಿಜ್ಯ ಬ್ಯಾಂಕುಗಳು ವ್ಯಕ್ತಿಗಳಿಂದಾಗಲಿ, ಕಿರು ಮತ್ತು ಸಣ್ಣ ಉದ್ಯಮಗಳಿಂದಾಗಲಿ ಅವಧಿಗೆ ಮೊದಲೇ ಸಾಲ ತೀರಿಸಿದ್ದಕ್ಕೆ ಶುಲ್ಕ ಹಾಕುವಂತಿಲ್ಲ. ನಿಮ್ಮ ಸಂಸ್ಥೆಯನ್ನು ಆ ವರ್ಗಕ್ಕೆ ಸೇರಿಸಿದ್ದಾರೆಯೇ ನೋಡಿ. ಸಾಲ ತೀರಿಸಿದ 30 ದಿನದೊಳಗೆ ಅಸಲು ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನದೇ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಅದಕ್ಕೇ ಪತ್ರ ಒಪ್ಪಿಸುವ ದಿನ, ಒಂದೊಂದರ ಪುಟಸಂಖ್ಯೆ ಸಮೇತ ಸ್ವೀಕೃತಿ ಬರೆಸಿಕೊಳ್ಳಿ.